ಎಡ್ಮಂಟನ್ನಿನ ನರ್ಸ್ ಹೇಳಬಾರದಿದ್ದ ಮಾತು

1922ರ ಡಿಸೆಂಬರಿನಲ್ಲಿ ಇಂಗ್ಲೆಂಡಿನ ಎಡ್ಮಂಟನ್ ಎಂಬ ಊರಿನ ಕೌನ್ಸಿಲ್, ಅಂದರೆ ಊರಿನ ಆಡಳಿತ ಸಭೆ, ತನ್ನ ಒಬ್ಬ ನರ್ಸನ್ನು ಕೆಲಸದಿಂದ ತೆಗೆದುಹಾಕಿತು. ಹೆಸರು ಇ. ಎಸ್. ಡೇನಿಯಲ್ಸ್. ಮನೆ ಮನೆಗೆ ಹೋಗಿ ತಾಯಿ ಮಗು ಕಲ್ಯಾಣದ ಕೆಲಸ ನೋಡಿಕೊಳ್ಳುತ್ತಿದ್ದ ಹೆಲ್ತ್ ವಿಸಿಟರ್. ಆಕೆ ಮಾಡಿದ ತಪ್ಪು ಇಷ್ಟೇ. ಇನ್ನು ಮಕ್ಕಳು ಬೇಡ ಅನ್ನುವ ತಾಯಂದಿರಿಗೆ, ಅದಕ್ಕೆ ದಾರಿ ಎಲ್ಲಿ ಸಿಗುತ್ತದೆ ಎಂದು ಹೇಳಿದ್ದು.

ಇನ್ನೊಬ್ಬರ ಹತ್ತಿರ ಹೋಗಿ ಕೇಳಿ ಎಂದಿದ್ದಕ್ಕೇ ಕೆಲಸ ಹೋಯಿತು. ಲಂಡನ್ನಿನಲ್ಲಿದ್ದ ಆರೋಗ್ಯ ಮಂತ್ರಾಲಯವೂ ಆಕೆಯ ಪರ ನಿಲ್ಲಲಿಲ್ಲ.

ಮೇಲುನೋಟಕ್ಕೆ ಇದು ಒಂದು ಊರಿನ ಸಣ್ಣ ಜಗಳ. ಆದರೆ ಈ ದಾರ ಹಿಡಿದು ಎಳೆದರೆ ಎರಡು ಮಹಾಯುದ್ಧಗಳ ನಡುವಿನ ಇಂಗ್ಲೆಂಡಿನ ತಾಯಿ ಮಗು ಕೇಂದ್ರಗಳ ಒಳಗುಟ್ಟು ಪೂರ್ತಿ ಬಿಚ್ಚಿಕೊಳ್ಳುತ್ತದೆ. ತಾಯಂದಿರಿಗೆ ಬುದ್ಧಿ ಹೇಳೋಕೆ ಅಂತಲೇ ತೆರೆದ ಜಾಗ ಅದು. ಅಲ್ಲಿ ಒಂದು ಮಾತನ್ನು ಮಾತ್ರ ಆಡಬಾರದು, ಗರ್ಭನಿರೋಧದ ಮಾತನ್ನು. ಆಡಬಾರದು ಎಂದು ಯಾವ ಕಾನೂನೂ ಹೇಳಿರಲಿಲ್ಲ. ಹಾಗಾದರೆ ಆ ನರ್ಸಿನ ಬಾಯಿ ಮುಚ್ಚಿಸಿದ್ದು ಯಾರು?

ಬುಟ್ಟಿ ತಕ್ಕಡಿ ಮತ್ತು ಅರ್ಧ ದುಡ್ಡು

ಎಡ್ಮಂಟನ್ ಇರುವುದು ಲಂಡನ್ನಿನ ಉತ್ತರದ ಅಂಚಿನಲ್ಲಿ. ಆಗ ಅದು ಮಿಡಲ್‌ಸೆಕ್ಸ್ ಕೌಂಟಿಗೆ ಸೇರಿತ್ತು. ಗ್ರೇಟ್ ಈಸ್ಟರ್ನ್ ರೈಲ್ವೆ ಬೆಳಗಿನ ಜಾವದ ಗಾಡಿಗಳಲ್ಲಿ ಕೂಲಿಕಾರರಿಗೆ ಅಗ್ಗದ ಟಿಕೆಟ್ ಕೊಡುತ್ತಿತ್ತು. ಆ ಟಿಕೆಟ್ಟನ್ನೇ ನಂಬಿ ಇಲ್ಲಿ ಸಾಲು ಸಾಲು ಪುಟ್ಟ ಮನೆಗಳು ಎದ್ದವು. ಗಂಡ ಪಟ್ಟಣಕ್ಕೆ ದುಡಿಯಲು ಹೋಗುತ್ತಿದ್ದ. ಹೆಂಡತಿ ಮಕ್ಕಳ ಜೊತೆ ಊರಲ್ಲೇ ಉಳಿಯುತ್ತಿದ್ದಳು. ಹೆಲ್ತ್ ವಿಸಿಟರ್ ಬಾಗಿಲು ತಟ್ಟುತ್ತಿದ್ದುದು ಇಂಥ ಮನೆಗಳನ್ನೇ.

ಆ ಬಾಗಿಲು ತಟ್ಟುವುದಕ್ಕೂ ಒಂದು ಹಿನ್ನೆಲೆ ಇದೆ. 20ನೇ ಶತಮಾನದ ಶುರುವಿನಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹುಟ್ಟಿದ 1000 ಕೂಸುಗಳಲ್ಲಿ ಸುಮಾರು 150 ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಸೇರಲು ಬಂದ ಹುಡುಗರ ಬಡಕಲು ಮೈ ನೋಡಿ ಸರ್ಕಾರ ಮೊದಲೇ ಹೆದರಿತ್ತು. ನಾಳೆಯ ಸಿಪಾಯಿ ಎಲ್ಲಿಂದ ಬರುತ್ತಾನೆ ಎಂಬ ಚಿಂತೆ. ತಾಯಿ ಮಗುವಿನ ಮೇಲಿನ ಕಕ್ಕುಲಾತಿ ಅಷ್ಟೇ ಅಲ್ಲ ಅದು.

1907ರಲ್ಲಿ ಒಂದು ಕಾನೂನು ಬಂತು. ಕೂಸು ಹುಟ್ಟಿದ 36 ಗಂಟೆಯೊಳಗೆ ಊರಿನ ಆರೋಗ್ಯಾಧಿಕಾರಿಗೆ ಸುದ್ದಿ ಮುಟ್ಟಿಸಬೇಕು. ಮೊದಲು ಬೇಕಾದ ಊರುಗಳು ಮಾತ್ರ ಇದನ್ನು ಜಾರಿಗೆ ತಂದವು. 1915ರಲ್ಲಿ ಎಲ್ಲ ಕಡೆ ಕಡ್ಡಾಯವಾಯಿತು. ಸುದ್ದಿ ಬಂದ ಮೇಲೆ ಹೆಲ್ತ್ ವಿಸಿಟರ್ ಮನೆಗೆ ಹೋಗಬಹುದು. 1918ರ ಆಗಸ್ಟಿನಲ್ಲಿ, ಯುದ್ಧ ಇನ್ನೂ ಮುಗಿದಿರಲಿಲ್ಲ, ತಾಯಿ ಮಗು ಕಲ್ಯಾಣ ಕಾಯಿದೆ ಪಾಸಾಯಿತು. ಬಸುರಿ, ಬಾಣಂತಿ, 5 ವರ್ಷದೊಳಗಿನ ಮಕ್ಕಳು, ಇವರಿಗಾಗಿ ಊರಿನ ಕೌನ್ಸಿಲ್ ದುಡ್ಡು ಖರ್ಚು ಮಾಡಬಹುದು. ಅದಕ್ಕೊಂದು ಸಮಿತಿ ಇರಬೇಕು, ಸಮಿತಿಯಲ್ಲಿ ಕನಿಷ್ಠ ಇಬ್ಬರು ಹೆಂಗಸರು ಇರಬೇಕು. ಖರ್ಚಿನ ಅರ್ಧ ಭಾಗವನ್ನು ಮೇಲಿನ ಸರ್ಕಾರ ಕೊಡುತ್ತದೆ.

ಈ ಕಥೆಯ ಕೀಲಿ ಇರುವುದು ಆ ಅರ್ಧ ದುಡ್ಡಿನಲ್ಲಿ.

ಕೇಂದ್ರ ಅಂದಕೂಡಲೇ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಎಷ್ಟೋ ಊರುಗಳಲ್ಲಿ ಅದು ವಾರಕ್ಕೊಂದು ಮಧ್ಯಾಹ್ನ ಬಾಡಿಗೆಗೆ ಹಿಡಿದ ಚರ್ಚಿನ ಹಾಲ್. ಹೊರಗೆ ತಳ್ಳುಗಾಡಿಗಳ ಸಾಲು. ಒಳಗೆ ಬೆಂಚು. ತಾಯಿ ಮಗುವಿನ ಬಟ್ಟೆ ಬಿಚ್ಚಿ, ಶಾಲು ಸುತ್ತಿ, ಸರದಿಗಾಗಿ ಕಾಯುತ್ತಾಳೆ. ಮಗುವನ್ನು ತಕ್ಕಡಿಯ ಬುಟ್ಟಿಯಲ್ಲಿ ಮಲಗಿಸುತ್ತಾರೆ. ಪೌಂಡು ಇಷ್ಟು, ಔನ್ಸು ಇಷ್ಟು. ಕಾರ್ಡಿನಲ್ಲಿ ಬರೆಯುತ್ತಾರೆ. ಹೋದ ವಾರಕ್ಕಿಂತ ಜಾಸ್ತಿ ಆಗಿದ್ದರೆ ತಾಯಿಯ ಮುಖ ಅರಳುತ್ತದೆ. ಕಡಿಮೆ ಆಗಿದ್ದರೆ ಡಾಕ್ಟರ ಹತ್ತಿರ ಕಳಿಸುತ್ತಾರೆ. ಹಾಲಿನ ಪುಡಿ ಅಸಲು ಬೆಲೆಗೆ ಸಿಗುತ್ತದೆ. ಒಂದು ಕಪ್ ಟೀ ಕೂಡ ಸಿಗುತ್ತದೆ. ಔಷಧಿ ಮಾತ್ರ ಸಿಗುವುದಿಲ್ಲ. ಕಾಯಿಲೆ ಇದ್ದರೆ ನಿಮ್ಮ ಸ್ವಂತ ಡಾಕ್ಟರ ಹತ್ತಿರ ಹೋಗಿ ಅನ್ನುತ್ತಾರೆ. ತಮ್ಮ ಗಿರಾಕಿಗಳನ್ನು ಕೇಂದ್ರ ಕಿತ್ತುಕೊಳ್ಳಬಾರದು ಎಂದು ಡಾಕ್ಟರುಗಳು ಹಟ ಹಿಡಿದಿದ್ದರು. ಹಾಗಾಗಿ ಕೇಂದ್ರದ ಮುಖ್ಯ ಸರಕು ಅಂದರೆ ಸಲಹೆಯೇ. ಕಿಟಕಿ ತೆರೆದಿಡಿ. ಬಾಟಲಿ ಕುದಿಸಿ. ಗಡಿಯಾರ ನೋಡಿ ಹಾಲು ಕೊಡಿ, ಅತ್ತಾಗಲೆಲ್ಲ ಕೊಡಬೇಡಿ.

ಈ ಗಡಿಯಾರದ ಹಾಲು ಎಷ್ಟು ತಾಯಂದಿರನ್ನು ಸುಮ್ನೆ ಅಳಿಸಿತೋ, ಆ ಮಾತು ಬೇರೆ.

ಲೆಕ್ಕದ ಮಟ್ಟಿಗೆ ಕೂಸುಗಳ ಸಾವು ಇಳಿಯುತ್ತಲೇ ಹೋಯಿತು. 1918ರಲ್ಲಿ 1000ಕ್ಕೆ 97, 1930ರ ಹೊತ್ತಿಗೆ 60. ಇದರಲ್ಲಿ ತಕ್ಕಡಿಯ ಪಾಲೆಷ್ಟು, ಸ್ವಚ್ಛ ಹಾಲು, ನಲ್ಲಿ ನೀರು, ಚಿಕ್ಕ ಕುಟುಂಬಗಳ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಇನ್ನೊಂದು ಲೆಕ್ಕ ಮಾತ್ರ ಇಳಿಯಲೇ ಇಲ್ಲ. 1000 ಹೆರಿಗೆಗೆ ಸುಮಾರು 4 ತಾಯಂದಿರು ಸಾಯುತ್ತಿದ್ದರು. 1920ರ ದಶಕದಲ್ಲೂ ಅಷ್ಟೇ. 1930ರ ದಶಕದ ನಡುವಿಗೆ ಸ್ವಲ್ಪ ಏರಿತು ಕೂಡ. ಬಾಣಂತಿ ನಂಜಿಗೆ ಸಲ್ಫಾ ಔಷಧಿ ಬಂದದ್ದು 1936ರ ನಂತರ. ಕೇಂದ್ರದ ಹೆಸರಿನಲ್ಲಿ ತಾಯಿ ಮೊದಲು, ಮಗು ಆಮೇಲೆ. ಕೆಲಸ ಸಾಗಿದ್ದು ಮಾತ್ರ ಉಲ್ಟಾ.

8 ಕಿಲೋಮೀಟರ್ ಆಚೆ

ಐದಾರು ಹೆತ್ತು ಸೊರಗಿದ ಹೆಂಗಸು ತಕ್ಕಡಿಯ ಪಕ್ಕ ನಿಂತು ನರ್ಸಿನ ಕಿವಿಯಲ್ಲಿ ಏನು ಕೇಳಿಯಾಳು? ಊಹಿಸೋದು ಕಷ್ಟವೇನಲ್ಲ ಅಲ್ವಾ. ಡೇನಿಯಲ್ಸ್‌ಗೂ ಅದೇ ಪ್ರಶ್ನೆ ಬರುತ್ತಿತ್ತು. ನಿಯಮದ ಪ್ರಕಾರ ಆಕೆ ತಲೆ ಅಲ್ಲಾಡಿಸಿ ಮುಂದಿನ ಮಗುವನ್ನು ಬುಟ್ಟಿಗೆ ಹಾಕಬೇಕಿತ್ತು.

ಆಗ ಎಡ್ಮಂಟನ್ನಿನ ಹೆಂಗಸಿಗೆ ಹೇಳಬಹುದಾಗಿದ್ದ ಕ್ಲಿನಿಕ್ಕುಗಳೇ ಎರಡು. ಒಂದು, ಹಾಲೊವೇಯ ಮಾರ್ಲ್‌ಬರೊ ರಸ್ತೆಯ 61ನೇ ನಂಬರು. ಎಡ್ಮಂಟನ್ನಿನಿಂದ ಸುಮಾರು 8 ಕಿಲೋಮೀಟರ್. ಮೇರಿ ಸ್ಟೋಪ್ಸ್ 1921ರ ಮಾರ್ಚ್ 17ರಂದು ತೆರೆದ ಕ್ಲಿನಿಕ್ ಅದು. ಸಲಹೆಗೆ ದುಡ್ಡಿಲ್ಲ, ಬಸಿರು ತಡೆಯಲು ಹೆಂಗಸರು ಒಳಗೆ ಹಾಕಿಕೊಳ್ಳುವ ರಬ್ಬರ್ ಕ್ಯಾಪಿಗೆ ಅಸಲು ಬೆಲೆ. ಇನ್ನೊಂದು ಅದೇ ವರ್ಷ ನವೆಂಬರಿನಲ್ಲಿ ತೆರೆದದ್ದು, ಥೇಮ್ಸ್ ನದಿಯ ಆಚೆ ವಾಲ್‌ವರ್ತ್‌ನಲ್ಲಿ. ಎರಡೂ ಖಾಸಗಿ. ಎರಡಕ್ಕೂ ಸರ್ಕಾರದ ಒಂದು ಕಾಸೂ ಇಲ್ಲ.

ಸ್ಟೋಪ್ಸ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಬಾರದು. ಆಕೆ ವೈದ್ಯೆಯಲ್ಲ, ಸಸ್ಯಗಳ ಪಳೆಯುಳಿಕೆ ಓದಿದ ವಿಜ್ಞಾನಿ. ಆಕೆ ಕಟ್ಟಿದ ಸಂಘದ ಹೆಸರಿನಲ್ಲೇ ಜನಾಂಗದ ಏಳಿಗೆ ಎಂಬ ಪದ ಇತ್ತು. ಬಡವರು, ರೋಗಿಷ್ಟರು ಹೆರಬಾರದು ಎಂಬ ವಾದ ಆಕೆಯದು. ಹಾಲೊವೇಗೆ ಹೋದ ತಾಯಿಗೆ ಸಿಕ್ಕ ಸಹಾಯ ನಿಜ. ಸಹಾಯ ಮಾಡಿದವರ ತಲೆಯಲ್ಲಿದ್ದ ಆ ಕೆಟ್ಟ ಯೋಚನೆಯೂ ನಿಜ.

ಗರ್ಭನಿರೋಧ ಇಂಗ್ಲೆಂಡಿನಲ್ಲಿ ಕಾನೂನುಬಾಹಿರ ಆಗಿರಲಿಲ್ಲ. ಅದರ ಕರಪತ್ರವನ್ನು ಅಶ್ಲೀಲ ಎಂದು ಪೊಲೀಸರು ಹಿಡಿದದ್ದುಂಟು. ಡೇನಿಯಲ್ಸ್ ಕೆಲಸ ಕಳೆದುಕೊಂಡ ಚಳಿಗಾಲದಲ್ಲೇ ರೋಸ್ ವಿಟ್ಕಾಪ್ ಮತ್ತು ಗೈ ಆಲ್ಡ್ರೆಡ್ ಅಂಥದ್ದೇ ಒಂದು ಕರಪತ್ರ ಮಾರಿದ್ದಕ್ಕೆ ಕೋರ್ಟಿಗೆ ಹೋಗಬೇಕಾಯಿತು. ಆದರೆ ದುಡ್ಡಿದ್ದ ಹೆಂಗಸು ತನ್ನ ಡಾಕ್ಟರನ್ನು ಕೇಳಿದರೆ ಯಾರೂ ತಡೆಯುತ್ತಿರಲಿಲ್ಲ. ಅಂಗಡಿಯಲ್ಲಿ ಸಾಮಾನು ಸಿಗುತ್ತಿತ್ತು. ಬಾಯಿ ಮುಚ್ಚಬೇಕಿದ್ದದ್ದು ಒಂದೇ ಕಡೆ. ಬಡವರು ಪುಕ್ಕಟೆ ಹೋಗಬಹುದಾದ ಆ ಬಾಡಿಗೆಯ ಚರ್ಚ್ ಹಾಲ್‌ನಲ್ಲಿ.

ಮಂತ್ರಾಲಯದ ವಾದ ಹೀಗಿತ್ತು: ತಾಯಿ ಮಗು ಕೇಂದ್ರಗಳ ಕೆಲಸ ಬಸುರಿಯರ, ಬಾಣಂತಿಯರ ಆರೈಕೆ. ಬಸಿರು ತಡೆಯುವುದು ಅದರಲ್ಲಿ ಬರುವುದಿಲ್ಲ. ಜನ ಒಪ್ಪದ ವಿಷಯಕ್ಕೆ ಜನರ ತೆರಿಗೆ ಬಳಸಬೇಕಾದರೆ ಪಾರ್ಲಿಮೆಂಟ್ ಬಾಯಿಬಿಟ್ಟು ಹೇಳಬೇಕು. ಅಲ್ಲಿಯವರೆಗೆ ಈ ಸಲಹೆ ಕೊಡುವ ಕೇಂದ್ರಕ್ಕೆ ಆ ಅರ್ಧ ದುಡ್ಡು ಇಲ್ಲ. ಒಬ್ಬ ನರ್ಸ್ ಬಾಯಿ ಬಿಟ್ಟರೆ ಊರಿನ ಹಾಲಿನ ಪುಡಿಯ ದುಡ್ಡಿಗೂ ಕುತ್ತು ಬರುತ್ತದೆ. ಕೌನ್ಸಿಲ್ಲುಗಳು ಯಾಕೆ ಹೆದರಿದವು ಎಂದು ಬೇರೆ ಹೇಳಬೇಕಿಲ್ಲ.

ಮಂತ್ರಿಯೂ ಬಡವರವನೇ

1924ರ ಜನವರಿಯಲ್ಲಿ ಬ್ರಿಟನ್ನಿನ ಮೊದಲ ಲೇಬರ್ ಸರ್ಕಾರ, ಅಂದರೆ ಕಾರ್ಮಿಕರ ಪಕ್ಷದ ಸರ್ಕಾರ, ಬಂತು. ಇನ್ನು ಕೆಲಸ ಆಯಿತು ಅಂದುಕೊಂಡರು ಹೆಂಗಸರು. ಹಿಂದಿನ ವರ್ಷವೇ ಸಹಕಾರ ಚಳವಳಿಯ ಹೆಂಗಸರ ಗಿಲ್ಡ್, ಕೇಂದ್ರಗಳಲ್ಲಿ ಈ ಸಲಹೆ ಸಿಗಬೇಕು ಎಂದು ಠರಾವು ಮಾಡಿತ್ತು. ಇದು ದುಡಿಯುವವರ ಹೆಂಡಂದಿರ ಸಂಘ, ಅವರಿಗೆ ಹೆರಿಗೆಯ ಕಷ್ಟ ಪುಸ್ತಕದಿಂದ ಗೊತ್ತಾಗಬೇಕಿರಲಿಲ್ಲ.

ಮೇ ತಿಂಗಳಲ್ಲಿ ಒಂದು ನಿಯೋಗ ಆರೋಗ್ಯ ಮಂತ್ರಿ ಜಾನ್ ವೀಟ್ಲಿಯ ಹತ್ತಿರ ಹೋಯಿತು. ಹೆಂಗಸರ ಹಕ್ಕಿಗಾಗಿ ಹೋರಾಡುತ್ತಿದ್ದ ಡೋರಾ ರಸೆಲ್ ಇದ್ದರು. ಲೇಖಕ ಎಚ್. ಜಿ. ವೆಲ್ಸ್ ಇದ್ದರು. ಫ್ರಾಂಕ್ ಬ್ರಾಡ್ ಎಂಬ ಸಂಸದರೂ ಇದ್ದರು, ಅವರ ಕ್ಷೇತ್ರ ಯಾವುದು ಅಂದರೆ ಎಡ್ಮಂಟನ್. ಕೇಳಿದ್ದು ಎರಡೇ ಸಂಗತಿ. ಸಲಹೆ ಕೊಡುವ ಕೇಂದ್ರಗಳ ದುಡ್ಡು ಹಿಡಿಯಬೇಡಿ. ಕೇಳಿದ ತಾಯಿಗೆ ಡಾಕ್ಟರ್ ಉತ್ತರ ಹೇಳಲಿ.

ವೀಟ್ಲಿ ಇಲ್ಲ ಅಂದರು.

ಅವರು ಗರ್ಭನಿರೋಧ ಒಪ್ಪದ ಕ್ಯಾಥೊಲಿಕ್ ಚರ್ಚಿಗೆ ಸೇರಿದವರು, ಗ್ಲಾಸ್ಗೊದ ಕ್ಯಾಥೊಲಿಕ್ ಓಟುಗಳ ಮೇಲೆ ಗೆದ್ದವರು, ಅದಕ್ಕೇ ಇಲ್ಲ ಅಂದರು ಎಂದು ಹೇಳಿ ಮುಗಿಸುವುದು ಸುಲಭ. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ ಅನ್ನಿಸುತ್ತದೆ ನನಗೆ. ಐರ್ಲೆಂಡಿನಲ್ಲಿ ಹುಟ್ಟಿ, ಸ್ಕಾಟ್ಲೆಂಡಿನ ಗಣಿ ಕೇರಿಯ ಒಂದೇ ಕೋಣೆಯ ಮನೆಯಲ್ಲಿ ಬೆಳೆದು, ಹುಡುಗನಾಗಿದ್ದಾಗಲೇ ಗಣಿಗಿಳಿದ ಮನುಷ್ಯ. ಆ ವರ್ಷ ಅವರು ತಂದ ವಸತಿ ಕಾಯಿದೆಯಿಂದ ಲಕ್ಷಾಂತರ ಕೌನ್ಸಿಲ್ ಮನೆಗಳು ಎದ್ದವು. ಬಡವರಿಗೆ ಮಕ್ಕಳು ಜಾಸ್ತಿ, ಅದಕ್ಕೇ ಬಡತನ ಎಂಬ ಮಾತನ್ನು ಉಳ್ಳವರ ಬಾಯಲ್ಲಿ ಕೇಳಿ ಕೇಳಿ ಲೇಬರ್ ಪಕ್ಷದ ಎಷ್ಟೋ ಗಂಡಸರಿಗೆ ರೋಸಿಹೋಗಿತ್ತು. ನಮಗೆ ಕೂಲಿ ಕೊಡಿ, ಮನೆ ಕೊಡಿ, ಮಕ್ಕಳ ಲೆಕ್ಕ ಕೇಳಬೇಡಿ ಎಂಬ ಸಿಟ್ಟು. ಸಿಟ್ಟಿಗೆ ಅರ್ಥ ಇತ್ತು. ಆದರೆ ಸಿಟ್ಟು ಗಂಡಸರದ್ದು, ಹೆರುವವರು ಹೆಂಗಸರು.

ಅದೇ ತಿಂಗಳು ಲೇಬರ್ ಹೆಂಗಸರ ಸಮ್ಮೇಳನದಲ್ಲಿ ಮತಕ್ಕೆ ಹಾಕಿದರು. ಸಲಹೆ ಬೇಕು ಎಂದವರು 1000, ಬೇಡ ಎಂದವರು 8. ಡೋರಾ ರಸೆಲ್ ಮತ್ತು ಗೆಳತಿಯರು ದುಡಿಯುವವರ ಗರ್ಭನಿರೋಧ ಗುಂಪು ಕಟ್ಟಿಕೊಂಡರು. ಅವರ ಘೋಷಣೆ ಒಂದೇ ಸಾಲು: ಗಣಿಯಲ್ಲಿ ದುಡಿಯುವುದಕ್ಕಿಂತ ಮಗು ಹೆರುವುದು ನಾಲ್ಕು ಪಟ್ಟು ಅಪಾಯ. ಗಣಿಯಲ್ಲಿ ವರ್ಷಕ್ಕೆ ಸಾವಿರಕ್ಕೆ ಸುಮಾರು ಒಬ್ಬ ಸಾಯುತ್ತಿದ್ದ, ಹೆರಿಗೆಯಲ್ಲಿ ಸಾವಿರಕ್ಕೆ ನಾಲ್ವರು. ಗಣಿ ಕಾರ್ಮಿಕರ ಬೆನ್ನ ಮೇಲೆ ನಿಂತಿದ್ದ ಪಕ್ಷಕ್ಕೆ ಇದಕ್ಕಿಂತ ಚುಚ್ಚುವ ಲೆಕ್ಕ ಬೇರೆ ಇರಲಿಲ್ಲ.

ಆದರೂ ಪಕ್ಷ ಜಾರಿಕೊಂಡಿತು. 1925ರಲ್ಲಿ ಇದು ರಾಜಕೀಯದ ವಿಷಯವೇ ಅಲ್ಲ, ಅವರವರ ಮನಸ್ಸಿಗೆ ಬಿಟ್ಟದ್ದು ಎಂದಿತು. 1926ರ ಸಮ್ಮೇಳನದಲ್ಲಿ ಹೆಂಗಸರು ಕೂದಲೆಳೆಯಲ್ಲಿ ಗೆದ್ದರು, ಮರುವರ್ಷ ಸೋತರು. ಪಾರ್ಲಿಮೆಂಟಿನಲ್ಲಿ 1926ರ ಫೆಬ್ರವರಿಯಲ್ಲಿ ಶೋರ್ಡಿಚ್‌ನ ಅರ್ನೆಸ್ಟ್ ಥರ್ಟಲ್ ಒಂದು ಮಸೂದೆ ತರಲು ನೋಡಿದರು. 81 ಪರ, 167 ವಿರುದ್ಧ. ಎರಡೇ ತಿಂಗಳಿಗೆ ಮೇಲ್ಮನೆಯಲ್ಲಿ ಲಾರ್ಡ್ ಬಕ್‌ಮಾಸ್ಟರ್ ಅದೇ ಮಾತು ಎತ್ತಿದರು. ಅಲ್ಲಿ 57 ಪರ, 44 ವಿರುದ್ಧ. ವಂಶಪಾರಂಪರ್ಯದ ಮುದಿ ದೊರೆಗಳು ಹೌದು ಅಂದರು, ಜನ ಆರಿಸಿ ಕಳಿಸಿದವರು ಬೇಡ ಅಂದರು. ದೊರೆಗಳಿಗೆ ಓಟು ಕೇಳುವ ತಾಪತ್ರಯ ಇರಲಿಲ್ಲ ನೋಡಿ. ಆದರೆ ಮೇಲ್ಮನೆಯ ಠರಾವಿಗೆ ಕಾನೂನಿನ ಬಲ ಇಲ್ಲ. ಆಗ ಆರೋಗ್ಯ ಮಂತ್ರಿಯಾಗಿದ್ದ ನೆವಿಲ್ ಚೇಂಬರ್ಲೇನ್ ಏನನ್ನೂ ಬದಲಿಸಲಿಲ್ಲ.

ಈ ಹಗ್ಗಜಗ್ಗಾಟದ ವರ್ಷಗಳಲ್ಲಿ ಕೇಂದ್ರದ ತಕ್ಕಡಿ ತೂಗುತ್ತಲೇ ಇತ್ತು. ಉತ್ತರ ಸಿಗದ ಹೆಂಗಸರು ಪಕ್ಕದ ಮನೆಯವಳನ್ನು ಕೇಳಿದರು. ಶೆಫೀಲ್ಡ್, ನಾಟಿಂಗ್‌ಹ್ಯಾಮ್ ಕಡೆ ಸೀಸ ಬೆರೆತ ಮುಲಾಮಿನಿಂದ ಮಾತ್ರೆ ಉಂಡೆ ಕಟ್ಟಿ ಬಸಿರು ಇಳಿಸಿಕೊಳ್ಳಲು ನುಂಗುತ್ತಿದ್ದರು. ಸೀಸ ಬಸಿರನ್ನೂ ತೆಗೆಯುತ್ತಿತ್ತು, ಕೆಲವೊಮ್ಮೆ ಕಣ್ಣನ್ನು, ಜೀವವನ್ನೂ. 1939ರಲ್ಲಿ ಸರ್ಕಾರದ್ದೇ ಸಮಿತಿ ಅಂದಾಜು ಮಾಡಿತು, ವರ್ಷಕ್ಕೆ 1,10,000ದಿಂದ 1,50,000 ಗರ್ಭಪಾತ. ತಾನಾಗಿ ಆದವು, ಮಾಡಿಸಿಕೊಂಡವು ಎರಡೂ ಸೇರಿ.

ಬೀಗ ಸಡಿಲವಾದದ್ದು

ಆಮೇಲೆ ಎರಡು ಬದಲಾವಣೆ ಆದವು. 1928ರಲ್ಲಿ 21 ತುಂಬಿದ ಎಲ್ಲ ಹೆಂಗಸರಿಗೂ ಓಟು ಬಂತು. ಮರುವರ್ಷದ ಚುನಾವಣೆಯಲ್ಲಿ ಲೇಬರ್ ಮತ್ತೆ ಅಧಿಕಾರ ಹಿಡಿಯಿತು, ಆರ್ಥರ್ ಗ್ರೀನ್‌ವುಡ್ ಆರೋಗ್ಯ ಮಂತ್ರಿಯಾದರು. ಇದು ಎಲ್ಲರ ಕಣ್ಣಿಗೆ ಕಾಣುವ ಕಾರಣ.

ಎರಡನೆಯದು ಲೆಕ್ಕಪತ್ರದ ವಿಷಯ, ಆದ್ದರಿಂದ ಯಾರೂ ಅದರ ಬಗ್ಗೆ ಜಾಸ್ತಿ ಮಾತಾಡುವುದಿಲ್ಲ. 1929ರ ಸ್ಥಳೀಯ ಸರ್ಕಾರ ಕಾಯಿದೆ ಆ ಅರ್ಧ ದುಡ್ಡಿನ ಪದ್ಧತಿಯನ್ನೇ ತೆಗೆದುಹಾಕಿತು. ಇಂಥ ಕೇಂದ್ರಕ್ಕೆ ಇಷ್ಟು ಅನ್ನುವ ಬದಲು ಎಲ್ಲ ಸೇರಿಸಿ ಒಂದು ಇಡಿಗಂಟು. ತಂದವರು ಚೇಂಬರ್ಲೇನ್, ಅವರ ಉದ್ದೇಶ ಬೇರೆಯೇ ಇತ್ತು. ಆದರೆ 1930ರ ಏಪ್ರಿಲ್‌ನಿಂದ ಒಂದು ಕೇಂದ್ರದ ಬಾಯಿ ಮುಚ್ಚಿಸಲು ಅದರ ದುಡ್ಡು ಹಿಡಿಯುವ ಹಗ್ಗ ಮಂತ್ರಾಲಯದ ಕೈಯಲ್ಲಿ ಮೊದಲಿನಷ್ಟು ಬಿಗಿಯಾಗಿ ಉಳಿಯಲಿಲ್ಲ. ಅದೇ ಏಪ್ರಿಲ್‌ನಲ್ಲಿ ಚಳವಳಿಯವರು ವೆಸ್ಟ್‌ಮಿನ್‌ಸ್ಟರಿನ ಸೆಂಟ್ರಲ್ ಹಾಲ್‌ನಲ್ಲಿ ಸಭೆ ಸೇರಿ, ಕೌನ್ಸಿಲ್ಲುಗಳಿಗೆ ಈ ಸಲಹೆ ಕೊಡಲು ಬಿಡಿ ಎಂದು ಒತ್ತಾಯಿಸಿದರು.

ನಮ್ಮ ಕಡೆಯ ಒಂದು ತಾರೀಕು ಇಲ್ಲಿ ನೆನಪಾಗುತ್ತದೆ. 1930ರ ಜೂನ್ 11. ಅಂದು ಮೈಸೂರು ಸರ್ಕಾರ ತನ್ನ ಮುಖ್ಯ ಆಸ್ಪತ್ರೆಗಳಲ್ಲಿ ಗರ್ಭನಿರೋಧ ಕ್ಲಿನಿಕ್ ತೆರೆಯಲು ಆದೇಶ ಹೊರಡಿಸಿತು. ನಾಲ್ವಡಿಯವರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಸರ್ಕಾರವೇ ತೆರೆದ ಇಂಥ ಕ್ಲಿನಿಕ್ಕುಗಳಲ್ಲಿ ಜಗತ್ತಿಗೇ ಇವು ಮೊದಲು ಎಂದು ಹೇಳುತ್ತಾರೆ. ಎಷ್ಟು ಹೆಂಗಸರು ಧೈರ್ಯ ಮಾಡಿ ಒಳಗೆ ಕಾಲಿಟ್ಟರು ಅನ್ನುವುದು ಬೇರೆಯೇ ಕಥೆ. ಆದರೆ ಲಂಡನ್ನಿನ ಮಂತ್ರಾಲಯ ತನ್ನ ಕೇಂದ್ರಗಳಲ್ಲಿ ಬಾಯಿ ಬಿಡಬಹುದು ಎಂದು ಒಪ್ಪಿದ್ದು ಇದಾದ ಮುಂದಿನ ತಿಂಗಳು, ಜುಲೈನಲ್ಲಿ.

ಒಪ್ಪಿದ ರೀತಿಯೂ ನೋಡುವಂಥದ್ದು. ಡಂಗುರ ಇಲ್ಲ, ಭಾಷಣ ಇಲ್ಲ. 153/ಎಂಸಿಡಬ್ಲ್ಯು ಎಂಬ ಒಂದು ಟಿಪ್ಪಣಿ. ಎಲ್ಲ ಕೌನ್ಸಿಲ್ಲುಗಳ ಕೈಗೆ ಅದನ್ನು ಮುಟ್ಟಿಸಿದ್ದು 1931ರಲ್ಲಿ. ಅಷ್ಟರಲ್ಲಿ ಇಂಗ್ಲೆಂಡಿನ ಚರ್ಚಿನ ಬಿಷಪ್ಪರೂ ಲ್ಯಾಂಬೆತ್ ಸಮ್ಮೇಳನದಲ್ಲಿ, ಕೆಲವು ಸಂದರ್ಭಗಳಲ್ಲಿ ಆಗಬಹುದು ಎಂದು ತಲೆಯಾಡಿಸಿದ್ದರು.

ಟಿಪ್ಪಣಿಯನ್ನು ಒಬ್ಬ ತಾಯಿಯ ಜಾಗದಲ್ಲಿ ನಿಂತು ಓದಿ ನೋಡೋಣ. ಆಕೆಗೆ ಮದುವೆ ಆಗಿರಬೇಕು. ಬಸುರಿಯೋ ಬಾಣಂತಿಯೋ ಆಗಿ ಕೇಂದ್ರಕ್ಕೆ ಬರುತ್ತಿರಬೇಕು. ಇನ್ನೊಂದು ಬಸಿರು ಆಕೆಯ ಆರೋಗ್ಯಕ್ಕೆ ಕೆಡುಕು ಎನ್ನುವುದಕ್ಕೆ ವೈದ್ಯಕೀಯ ಕಾರಣ ಇರಬೇಕು. ಇಷ್ಟೂ ಇದ್ದರೆ ಆಕೆಗೆ ಸಲಹೆ ಕೊಡಬಹುದು. ಕೊಡಬಹುದು, ಕೊಡಲೇಬೇಕು ಎಂದಲ್ಲ. ಆರು ಮಕ್ಕಳು, ಎರಡು ಕೋಣೆ, ಗಂಡನಿಗೆ ಕೆಲಸವಿಲ್ಲ, ಮೈಯಲ್ಲಿ ತ್ರಾಣವಿಲ್ಲ. ಆದರೆ ಹೆಸರಿಡಬಹುದಾದ ಕಾಯಿಲೆ ಯಾವುದೂ ಇಲ್ಲ. ಹಾಗಿದ್ದರೆ ಆಕೆಗೆ ಅದೇ ಹಳೆಯ ಉತ್ತರ.

1934ರಲ್ಲಿ 1408ನೇ ಸುತ್ತೋಲೆ ಬಾಗಿಲನ್ನು ಇನ್ನೊಂದು ಗೇಣು ತೆರೆಯಿತು. ಕ್ಷಯ, ಹೃದಯದ ಕಾಯಿಲೆ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ಕಾಯಿಲೆ ಇದ್ದವರು ಬಸುರಿ, ಬಾಣಂತಿ ಆಗಿರದಿದ್ದರೂ ಬರಬಹುದು. ಎಷ್ಟೋ ಕೌನ್ಸಿಲ್ಲುಗಳು ಅದನ್ನೂ ಕಪಾಟಿನಲ್ಲಿಟ್ಟು ಸುಮ್ಮನಾದವು. ಕ್ಯಾಥೊಲಿಕ್ಕರು ಜಾಸ್ತಿ ಇದ್ದ ಊರುಗಳಲ್ಲಿ ಕೌನ್ಸಿಲರುಗಳು ಈ ಮಾತೆತ್ತಲೂ ಹೆದರಿದರು. ಒಂದು ಊರಿನಲ್ಲಿ ಸಿಗುವ ಉತ್ತರ ಪಕ್ಕದ ಊರಿನಲ್ಲಿ ಸಿಗುತ್ತಿರಲಿಲ್ಲ.

ಕಾಯಿಲೆಯ ಷರತ್ತು ಹೋಗಿದ್ದು 1967ರ ಕಾಯಿದೆಯಿಂದ. ಮದುವೆ ಆಗಿದೆಯೇ ಎಂದು ಕೇಳದೆ, ದುಡ್ಡು ತೆಗೆದುಕೊಳ್ಳದೆ, ಎಲ್ಲರಿಗೂ ಗರ್ಭನಿರೋಧ ಕೊಡಲು ಶುರು ಮಾಡಿದ್ದು 1974ರಲ್ಲಿ. ಅಷ್ಟು ಹೊತ್ತಿಗೆ ನರ್ಸ್ ಡೇನಿಯಲ್ಸ್‌ರನ್ನು ಮನೆಗೆ ಕಳಿಸಿದ್ದ ಕೌನ್ಸಿಲ್ಲೇ ಇರಲಿಲ್ಲ. 1965ರಲ್ಲಿ ಎಡ್ಮಂಟನ್ನನ್ನು ಎನ್‌ಫೀಲ್ಡ್ ಜೊತೆ ಸೇರಿಸಿಬಿಟ್ಟಿದ್ದರು.